ಬೀಗರ ಸರದಾರ, ನಮ್ಮಮ್ಮನ ಹೆಸರು

ನಮ್ಮ ಅಮೆರಿಕನ್ ಬೀಗರಿಗೆ ವಂಶದ ಹುಚ್ಚು. ನಿಶ್ಚಿತಾರ್ಥಕ್ಕೆಂದು ಆನ್ ಆರ್ಬರ್‌ನಿಂದ ನಮ್ಮೂರು ಬೋಲಿಂಗ್‌ಬ್ರೂಕ್‌ವರೆಗೆ ಡ್ರೈವ್ ಮಾಡಿಕೊಂಡು ಬಂದವರು ಕಾಫಿಗೂ ಕಾಯದೆ ನಮ್ಮ ಊಟದ ಮೇಜಿನ ತುಂಬ ವಂಶವೃಕ್ಷ ಹಾಸಿದರು. ಮೇಲ್ತುದಿಯಲ್ಲಿ, ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆಯ ಹಿಂದೆ ಹಡಗು ಹತ್ತಿ ಬಂದ ಒಬ್ಬ ಸರದಾರ; ಕೆಳತುದಿಯಲ್ಲಿ ನನ್ನ ಅಳಿಯನಾಗುವ ಹುಡುಗ. ಕೋಟೆ ಕೊತ್ತಲ, ಗುರಾಣಿಯ ಮೇಲಿನ ಸಿಂಹ ಎಲ್ಲವನ್ನೂ ಕೇಳುತ್ತಾ ನಾನು ಚಿತ್ರಾನ್ನ ಇಡಲು ಜಾಗ ಹುಡುಕುತ್ತಿದ್ದೆ.

ನನ್ನ ತಲೆ ಕೊರೆಯುತ್ತಿದ್ದುದೇ ಬೇರೆ. ಧಾರೆಯ ಹೊತ್ತಿಗೆ ಹುಡುಗಿಯ ತಂದೆ, ತಾತ, ಮುತ್ತಾತನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳುವುದು ನಮ್ಮ ಪದ್ಧತಿ. ಮಗಳು ತೊಟ್ಟಿಲಲ್ಲಿದ್ದಾಗಲೇ ಬಿಟ್ಟುಹೋದ ಅವಳಪ್ಪ ತಿರುಗಿ ನೋಡಿದವನಲ್ಲ. ಸಾಕಿದ್ದು ನಾನು, ಮತ್ತೆ ಮೈಸೂರಿನಿಂದ ಬಂದು ನನ್ನ ಜೊತೆ ನಿಂತ ನಮ್ಮಮ್ಮ. ಮಂಟಪದಲ್ಲಿ ಮೆರೆಯುವುದು ಮಾತ್ರ ಅವನ ಹೆಸರು! ಅದರ ಬದಲು ನಮ್ಮ ಹೆಸರು ಹೇಳಿ ಎಂದು ಭಟ್ಟರನ್ನು ಕೇಳಿ ನೋಡಿದ್ದೆ. "ಹೆಂಗಸರ ಹೆಸರಲ್ಲಿ ವಂಶ ಹೇಳೋ ಪದ್ಧತಿ ಎಲ್ಲೂ ಇಲ್ಲಮ್ಮಾ" ಎಂದು ಬಾಯಿ ಮುಚ್ಚಿಸಿದ್ದರು.

ಬೀಗರ ಬೆರಳು ಇಳಿಯುತ್ತಾ ಬಂದು ಒಂದು ಕಡೆ ನಿಂತಿತು. ಅಲ್ಲಿ ಗಂಡುಸಂತಾನ ಮುಗಿದುಹೋಗಿತ್ತಂತೆ. ಉಳಿದವಳು ಒಬ್ಬಳೇ ಮಗಳು. ಕೋಟೆ ಅವಳದಾಯಿತು, ಕೈಹಿಡಿದವನು ಅವಳ ಮನೆತನದ ಹೆಸರನ್ನೇ ಇಟ್ಟುಕೊಂಡ. ಇವಳಿಲ್ಲದಿದ್ದರೆ ನಾವ್ಯಾರೂ ಇಲ್ಲ ಎಂದರು ಬೀಗರು, ಹೆಮ್ಮೆಯಿಂದ.

ಚಿತ್ರಾನ್ನದ ಪಾತ್ರೆ ಕೈಯಲ್ಲೇ ಉಳಿಯಿತು. ಸೋಫಾದ ಮೇಲೆ ಕೂತಿದ್ದ ಭಟ್ಟರನ್ನು ಎಬ್ಬಿಸಿ ಕರೆತಂದು ಆ ಹೆಣ್ಣಿನ ಹೆಸರು ತೋರಿಸಿದೆ.

"ಎಲ್ಲೂ ಇಲ್ಲ ಅಂದ್ರಲ್ಲ ಭಟ್ಟರೇ, ಇಗೋ ಇಲ್ಲಿದೆ. ಈ ಸರದಾರರಿಗಿದ್ದ ಧೈರ್ಯ ನಮಗಿಲ್ವಾ?"

"ಅಮ್ಮಾ, ಪ್ಲೀಸ್, ನಾಟ್ ಟುಡೇ" ಎಂದಳು ಮಗಳು.

ಭಟ್ಟರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. "ಸಾಕಿದವರ ಹೆಸರು ಹೇಳಿದ್ರೆ ಯಾವ ದೇವರೂ ಬೇಡ ಅನ್ನಲ್ಲ. ಹೇಳೋಣ ಬಿಡಿ."

ಮದುವೆಯ ದಿನ, ತಮ್ಮ ಸರದಾರರನ್ನೆಲ್ಲ ಹೇಳಿಸಬೇಕೆಂದು ಬೀಗರು ಪಟ್ಟು ಹಿಡಿದರು. ಮೂರು ತಲೆಮಾರಿನ ಮೇಲೆ ಯಾವ ಸರದಾರನಿಗೂ ಜಾಗವಿಲ್ಲ ಎಂದುಬಿಟ್ಟರು ಭಟ್ಟರು. ನಮ್ಮ ಕಡೆ ಮುತ್ತಜ್ಜಿ, ಅಜ್ಜಿ, ತಾಯಿ. ಮೈಕಿನಲ್ಲಿ, ಹಿಂದಿನ ಸಾಲಿಗೂ ಕೇಳುವ ಹಾಗೆ, ಮೂರು ಸಲ. ನನ್ನ ಹೆಸರು ಬಂದಾಗ, ಸುಳ್ಳೇಕೆ ಹೇಳಲಿ, ಎದೆ ಉಬ್ಬಿತು. ಗೆದ್ದೆ ಅನ್ನಿಸಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮಮ್ಮ ಕೈ ಎತ್ತಿದರು. ಅವರ ಕಿವಿ ಬಲು ಚುರುಕು. ಪಕ್ಕದ ರೂಮಿನ ಪಿಸುಮಾತೂ ತಪ್ಪುವುದಿಲ್ಲ.

"ಭಟ್ಟರೇ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."