ಪೈಪಿನ ತೂಗುವ ತುದಿ

ಅದು ಶುರುವಾದದ್ದು ಭಾನುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಧನಕವಡಿಯ ನಮ್ಮ ಬಾಡಿಗೆ ಮನೆಯ ಹಿಂದಿನ ಗ್ಯಾಲರಿಯಲ್ಲಿ ನನ್ನ ಗಂಡ ಸ್ಟೀಲ್ ಪೈಪು ಕತ್ತರಿಸುತ್ತಿದ್ದರು. ಅತ್ತೆ ಬಚ್ಚಲಲ್ಲಿ ಎರಡು ಸಲ ಜಾರಿದ್ದರು. ಅವರು ಹಿಡಿದು ನಡೆಯಲು ಗೋಡೆಗೊಂದು ಕಂಬಿ ಬೇಕಿತ್ತು. ಪೈಪನ್ನು ಮೇಜಿನ ವೈಸಿನ ದವಡೆಯಲ್ಲಿ ಬಿಗಿದು, ಬೇಡವಾದ ತುದಿಯನ್ನು ಮೇಜಿನಾಚೆ ಬಿಟ್ಟಿದ್ದರು. ಕೈಯಲ್ಲಿದ್ದ ಕಬ್ಬಿಣ ಕೊಯ್ಯುವ ಗ್ರೈಂಡರಿನ ಡಿಸ್ಕ್ ಮೇಲಿನಿಂದ ಒಳಗಿಳಿದಂತೆ ಆ ತುದಿ ತುಸು ಬಾಗಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಾರಾದರೂ ಭಾರ ಹೊತ್ತದ್ದು ಕಂಡರೆ ಒಂದು ಕೈ ಕೊಡದೆ ಇರಲಾರದ ಜೀವ. ಅಕ್ಕಿ ಚೀಲವಿರಲಿ, ನೆರೆಯವರ ಗ್ಯಾಸ್ ಸಿಲಿಂಡರ್ ಇರಲಿ. ಮಗನಿಗೆ ಆಸರೆಯಾಗಲೆಂದು ಮುಂದೆ ಬಂದು ಆ ತುದಿಯನ್ನು ಎತ್ತಿ ಹಿಡಿದರು. ಕೊಯ್ದ ಸಂದು ಮುಚ್ಚಿಕೊಂಡು, ತಿರುಗುತ್ತಿದ್ದ ಡಿಸ್ಕನ್ನು ಕಚ್ಚಿತು. ಗ್ರೈಂಡರ್ ಗಂಡನ ಎದೆಯ ಕಡೆ ಹಾರಿತು. ಡಿಸ್ಕ್ ಒಡೆದು, ಒಂದು ಚೂರು ಅತ್ತೆಯ ಸೊಂಟದ ಪಕ್ಕದಿಂದ ಹೋಗಿ ನೀರಿನ ಡ್ರಮ್ಮನ್ನು ತೂತು ಮಾಡಿತು. ನಾನು ಒಳಗೋಡಿ ಸ್ವಿಚ್ ಆರಿಸಿದೆ. ತಿರುಗಿ ಬಂದಾಗ ಇಬ್ಬರೂ ನಿಂತಿದ್ದರು. ಡ್ರಮ್ಮಿನ ಸಣ್ಣ ಧಾರೆ ಅತ್ತೆಯ ಸೀರೆಯ ಮೇಲೆ ಬೀಳುತ್ತಿತ್ತು. ಗಂಡನ ಕೈಗವಸು ಹರಿದಿತ್ತು, ಕೈಗೆ ಏನೂ ಆಗಿರಲಿಲ್ಲ.

“ಡಿಸ್ಕ್ ಹಳೇದಿತ್ತವ್ವಾ,” ಎಂದು ಗಂಡ ತಾಯಿಗೆ ಹೇಳಿದರು.

ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಚೂರು ಹಾರುತ್ತಿತ್ತು, ಪ್ರತಿ ಸಲ ಅತ್ತೆಗೆ ಇನ್ನಷ್ಟು ಹತ್ತಿರದಿಂದ. ರಾತ್ರಿ ಅವರು ಬಚ್ಚಲಿಗೆ ಎದ್ದರೆ ಗೋಡೆಯ ಮೇಲೆ ಅಂಗೈ ಸವರುವ ಸದ್ದು ಕೇಳುತ್ತ ಮಲಗಿರುತ್ತಿದ್ದೆ. ಕಂಬಿ ಅರ್ಧಕ್ಕೇ ನಿಂತಿತ್ತು. ನಿಜ ಹೇಳದಿದ್ದರೆ ಅತ್ತೆ ಮತ್ತೊಮ್ಮೆ ತುದಿ ಎತ್ತುತ್ತಾರೆ ಎಂದು ಗಂಡನೊಡನೆ ವಾದಿಸಿದೆ. ಗೊತ್ತಾದರೆ ಈ ಮನೆಯಲ್ಲಿ ಯಾವುದಕ್ಕೂ ಕೈ ಹಚ್ಚಲಾರಳು, ಸುಮ್ಮನೆ ಮೂಲೆ ಹಿಡಿಯುತ್ತಾಳೆ ಎಂದರು ಅವರು. ಅದೂ ಸುಳ್ಳಲ್ಲ.

ಒಂದು ಮಧ್ಯಾಹ್ನ ಮೆಂತ್ಯದ ಸೊಪ್ಪು ಬಿಡಿಸುತ್ತ ಅತ್ತೆಯೇ ಕೇಳಿದರು.

“ನಾ ಎತ್ತಿದ್ದಕ್ಕ ಹಂಗಾತೇನು?”

ಇಲ್ಲವೆನ್ನಲು ಬಾಯಿ ತೆರೆದವಳು, “ಹೌದ್ರಿ ಅತ್ತಿ,” ಎಂದೆ. ಎತ್ತಿದರೆ ಸಂದು ಕೂಡಿಕೊಳ್ಳುತ್ತದೆ, ತುದಿ ತಾನಾಗಿ ಬೀಳಬೇಕು ಎಂದು ಸೊಪ್ಪಿನ ದಂಟನ್ನು ಉಗುರಿಂದ ಸೀಳಿ ತೋರಿಸಿದೆ.

“ಗೊತ್ತಿತ್ತವಾ. ಅಂವ ಸುಳ್ಳ ಹೇಳೂಮುಂದ ನೆಲಾ ನೋಡ್ತಾನ. ನನಗೂ ನಿದ್ದಿ ಇಲ್ಲ.” ಇನ್ನೊಂದು ಸೂಡು ಬಿಚ್ಚಿದರು. “ಮತ್ತ ನಾ ಏನ್ ಹಿಡೀಲಿ?” ಎಂದರು.

ಮುಂದಿನ ಭಾನುವಾರ ಅವರನ್ನು ಒಳಗೆ, ಸ್ವಿಚ್ಚಿನ ಬಳಿ ನಿಲ್ಲಿಸಿದೆವು. ಮಗ ಕೂಗಿದಾಗ ಹಾಕುವುದು, ಕೂಗಿದಾಗ ಆರಿಸುವುದು. ಸದ್ದು ಯಾಕೋ ಬೇರೆ ಅನ್ನಿಸಿತೆಂದು ಕೂಗದಿದ್ದರೂ ಎರಡು ಸಲ ಆರಿಸಿದರು.

“ಅವ್ವಾ, ಹಿಂಗಾದ್ರ ಕಂಬಿ ದೀಪಾವಳಿಗೆ ಆಗ್ತದ.”

“ಆಗ್ಲಿ. ನಿನ್ನ ಮದವಿನೂ ತಡಾನ ಆತು.”

ತುಂಡಾದ ತುದಿ ಠಣ್ಣೆಂದು ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲು ಹೋಗಲಿಲ್ಲ. ಸಂಜೆಯ ಹೊತ್ತಿಗೆ ಕಂಬಿ ಬಚ್ಚಲ ಗೋಡೆಯಲ್ಲಿ ಗಟ್ಟಿಯಾಗಿ ಕೂತಿತು.

ರಾತ್ರಿ ಬಚ್ಚಲಿಗೆ ಎದ್ದು ಹೋಗಿ ಬಂದೆನೆಂದು ಸೋಮವಾರ ಬೆಳಿಗ್ಗೆ ಅತ್ತೆ ಹೇಳಿದರು. ನನಗೆ ಕೇಳಿಸಿರಲೇ ಇಲ್ಲ. ಹಾಲಿನವನು ಬೆಲ್ ಒತ್ತಿದಾಗಲೇ ನನಗೆ ಎಚ್ಚರವಾದದ್ದು.