ಹಿತ್ತಲಿನ ಸಾಮು

ಅವರ ಅಂಗೈ ಗಂಡಸರ ಅಂಗೈಯಂತಿತ್ತು. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡುಗಟ್ಟಿದ ಚರ್ಮ, ನೇಗಿಲು ಹಿಡಿಯುವವರಿಗೆ ಇರುತ್ತದಲ್ಲ, ಅಂಥದು. ನಾನು ಕೊರಟಗೆರೆಗೆ ಬಂದ ದಿನ ಬಸ್ಸಿನಿಂದ ಇಳಿಯುವಾಗ ಅವರು ಕೈ ಕೊಟ್ಟರು. ಮೊದಲು ಗೊತ್ತಾದದ್ದು ಆ ಒರಟು. ಮುಖ ನೋಡಿದ್ದು ಆಮೇಲೆ. ನಲವತ್ತರ ಆಸುಪಾಸಿನ ಹೆಂಗಸು. ಹಣೆಯ ಮೇಲೆ ವಿಭೂತಿ, ನಡುವೆ ಕುಂಕುಮ, ಕೈತುಂಬ ಹಸಿರು ಗಾಜಿನ ಬಳೆ, ದಪ್ಪ ನೂಲಿನ ಸೀರೆ.

ಅವರು ಹೆಣ್ಣುಮಕ್ಕಳ ಪ್ರೈಮರಿ ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು. ಜನ ‘ದೊಡ್ಡ ಮೇಷ್ಟ್ರಮ್ಮ’ ಎನ್ನುತ್ತಿದ್ದರು. ನಾನು ಅವರ ಕೈಕೆಳಗೆ ಅಸಿಸ್ಟೆಂಟಾಗಿ ಬಂದವಳು, ಹಾಗಾಗಿ ‘ಚಿಕ್ಕ ಮೇಷ್ಟ್ರಮ್ಮ’. ಮದುವೆಯಾಗಿ ಎರಡನೆಯ ವರ್ಷಕ್ಕೆ ನನ್ನ ಗಂಡ ಪ್ಲೇಗಿನಲ್ಲಿ ಹೋಗಿದ್ದರು. ಮಧುಗಿರಿಯಲ್ಲಿದ್ದ ಅಣ್ಣ ಮನೆಯವರನ್ನೆಲ್ಲ ಎದುರು ಹಾಕಿಕೊಂಡು ನನ್ನನ್ನು ಓದಿಸಿ ಈ ಕೆಲಸಕ್ಕೆ ಸೇರಿಸಿದ. ಅವನು ಸೇರು ಎಂದ, ಸೇರಿದೆ. ಬಸ್ಸು ಹತ್ತು ಎಂದ, ಹತ್ತಿದೆ.

ಆ ಕಾಲದಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಜನ ಅದನ್ನು ದುಃಖ ಎಂದುಕೊಂಡಿದ್ದರು. ದುಃಖವೂ ಅಲ್ಲ. ದಾರಿಯಲ್ಲಿ ಮುಳ್ಳು ಚುಚ್ಚಿದರೆ ಮನೆಗೆ ಬಂದು ಕಾಲು ತೊಳೆಯುವಾಗ ರಕ್ತ ನೋಡಿ ಗೊತ್ತಾಗುತ್ತಿತ್ತು.

ಸ್ಕೂಲು ಇದ್ದದ್ದು ಕೊರಟಗೆರೆಯಲ್ಲಲ್ಲ. ಸುವರ್ಣಮುಖಿ ಹೊಳೆ ದಾಟಿ ಒಂದೂವರೆ ಹರದಾರಿ ನಡೆದರೆ ಸಿಗುವ ಹಳ್ಳಿಯಲ್ಲಿ. ಗಂಡಸಿಲ್ಲದ ಇಬ್ಬರು ಹೆಂಗಸರಿಗೆ ಅಲ್ಲಿ ಮನೆ ಕೊಡುವವರಿರಲಿಲ್ಲ. ಅದಕ್ಕೇ ಪೇಟೆಯಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಹಿಡಿದು ಇಬ್ಬರೂ ಒಟ್ಟಿಗೆ ಇದ್ದೆವು. ಬೆಳಗಾಗುವ ಮುಂಚೆ ಎದ್ದು ರೊಟ್ಟಿ ತಟ್ಟಿ ಬುತ್ತಿ ಕಟ್ಟಿಕೊಂಡು ಹೊರಡಬೇಕು. ವರ್ಷದ ಬಹುಪಾಲು ಹೊಳೆಯಲ್ಲಿ ಬರೀ ಮರಳು, ಕಾಲು ಹೂತುಹೋಗುತ್ತಿತ್ತು. ಇಡೀ ದಿನ ನಿಂತು ಪಾಠ ಹೇಳಿ ಮತ್ತೆ ಅದೇ ಮರಳು ದಾಟಿ ಬರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಆಮೇಲೆ ಒಲೆ, ನೀರು, ಬಟ್ಟೆ.

ಮೊದಲ ದಿನ ಸ್ಕೂಲಿನಿಂದ ಬಂದವಳೇ ಜಗಲಿಯ ಮೇಲೆ ಕುಕ್ಕರಿಸಲು ಹೋದೆ. ಅವರು ತೋಳು ಹಿಡಿದು ತಡೆದರು.

“ಕೂರ್ಬೇಡ.”

“ಯಾಕಕ್ಕಾ?”

“ಕೂತ್ರೆ ಮುಗೀತು ಕಣೇ. ಆಮೇಲೆ ಒಲೆ ಕರೀತದೆ, ಹಾಸಿಗೆ ಕರೀತದೆ. ಚೀಲ ಇಟ್ಟು ಹಿತ್ಲಿಗೆ ಬಾ.”

ಹಿತ್ತಲಲ್ಲಿ ಒಂದು ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು, ಸುತ್ತ ಮಣ್ಣಿನ ಗೋಡೆ. ಅವರು ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿದರು. ಮೂಲೆಯಲ್ಲಿದ್ದ ಒಂದು ಮರದ ಲೋಡು ಕೈಗೆತ್ತಿಕೊಂಡರು. ಗರಡಿಯ ಪೈಲ್ವಾನರು ತಿರುಗಿಸುತ್ತಾರಲ್ಲ, ಬುಡ ದಪ್ಪಗಿದ್ದು ಹಿಡಿ ಸಣ್ಣಗಿರುವ ತುಂಡು, ಅದೇ. ಅದನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ, ಬೆನ್ನಿನಿಂದ ಮುಂದಕ್ಕೆ ತಿರುಗಿಸತೊಡಗಿದರು. ಆಮೇಲೆ ಬಸ್ಕಿ, ಕಡೆಗೆ ನೆಲಕ್ಕೆ ಕೈಯೂರಿ ದಂಡೆ. ಹೆಂಗಸೊಬ್ಬಳು ಸಾಮು ಮಾಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಶ್ಚರ್ಯವಾಗಬೇಕಿತ್ತು. ನುಗ್ಗೆಮರಕ್ಕೆ ಒರಗಿ ನೋಡುತ್ತ ನಿಂತೆ, ಅಷ್ಟೆ.

ಮುಗಿಸಿ, ಬೆಳಗ್ಗೆಯೇ ನೆನೆಹಾಕಿದ್ದ ಕಡಲೆಯನ್ನು ಬೆಲ್ಲದ ಚೂರಿನ ಜೊತೆ ನನ್ನ ಕೈಗೂ ಒಂದು ಹಿಡಿ ಹಾಕಿದರು. “ನಾಳೆ ನೀನೂ ಹಾಕು.”

“ಹೋಗ್ತಾ ಬರ್ತಾ ಇಷ್ಟು ದೂರ ನಡೆಯೋದು ಸಾಲದೇ ಅಕ್ಕಾ?”

“ನಡೆದ್ರೆ ಮೈ ಸವೀತದೆ. ಇದು ಮೈ ಕಟ್ತದೆ. ಅದು ಬೇರೆ, ಇದು ಬೇರೆ.”

ಅವರ ತಂದೆ ಶಿರಾದಲ್ಲಿ ಗರಡಿ ನಡೆಸುತ್ತಿದ್ದವರು. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ತುಳಿಯುವಂತಿರಲಿಲ್ಲ. ಇವರು ಕಿಂಡಿಯಲ್ಲಿ ನೋಡಿ ನೋಡಿ ಕಲಿತರಂತೆ. ಮದುವೆಯಾದ ಮೇಲೆ ಬಿಟ್ಟರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇವರನ್ನು ತವರಿಗೆ ಕಳಿಸಿದ. ಅಪ್ಪ ಗರಡಿಯಿಂದ ಆ ಲೋಡು ತಂದು ಮಗಳ ಕೋಣೆಯಲ್ಲಿಟ್ಟರಂತೆ. ಇದನ್ನು ಹೇಳುವಾಗ ಅವರ ದನಿ ಮಗ್ಗಿ ಒಪ್ಪಿಸುವಾಗ ಇರುವ ಹಾಗೇ ಇತ್ತು. ನನ್ನ ಗಂಡನ ವಿಷಯ ಅವರು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರನೆಯ ದಿನ ನಾನು ಸಾಮು ಮಾಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮನಸ್ಸಿಲ್ಲ ಎಂದೆ.

“ಮನಸ್ಸಿಲ್ಲಾಂದ್ರೆ ಬ್ಯಾಡ. ಬಂದು ಸುಮ್ನೆ ನಿಂತ್ಕ. ನಮ್ಮಪ್ಪ ಗರಡಿ ಹುಡುಗ್ರಿಗೆ ಹೇಳೋರು, ದಿಲ್ ಇಲ್ಲಾಂದ್ರೂ ಹಾಜರಿ ಹಾಕ್ಲಾ ಅಂತ. ನೀನು ಹಾಜರಿ ಹಾಕು, ಸಾಕು.”

ಹಾಗೆ ತಿಂಗಳುಗಟ್ಟಲೆ ನಾನು ಹಿತ್ತಲಲ್ಲಿ ಬರೀ ನಿಂತೆ. ಅವರು ಮತ್ತೆ ‘ಹಾಕು’ ಎನ್ನಲಿಲ್ಲ. ಮಾಡಿದ್ದನ್ನು ಎಣಿಸುತ್ತಲೂ ಇರಲಿಲ್ಲ. ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು ಅವರೇ, ಇಲ್ಲಿ ಮಾತ್ರ ಲೆಕ್ಕವಿಲ್ಲ. ಎಣಿಸಿದರೆ ಕಡಿಮೆಯಾದ ದಿನ ಬೇಜಾರಾಗುತ್ತದೆ, ಬೇಜಾರಾದರೆ ಮಾರನೆಯ ದಿನ ತಪ್ಪುತ್ತದೆ ಎನ್ನುತ್ತಿದ್ದರು. ಮಳೆ ಬಂದರೆ ಅಡಿಗೆಮನೆಯಲ್ಲಿ, ಬೀಸುವ ಕಲ್ಲಿನ ಪಕ್ಕದ ಜಾಗದಲ್ಲಿ. ಇನ್‌ಸ್ಪೆಕ್ಷನ್ ಮುಗಿಸಿ ಕತ್ತಲಾಗಿ ಬಂದರೆ ಎರಡೇ ಎರಡು ಬಸ್ಕಿ ಹಾಕಿ, “ಆಯ್ತು, ಇವತ್ತಿಂದು ಇಷ್ಟೇಯ” ಎಂದು ಒಲೆಯ ಮುಂದೆ ಕೂರುತ್ತಿದ್ದರು. ಅದಕ್ಕೆ ಅವರಿಗೆ ಸಂಕೋಚವಿರಲಿಲ್ಲ.

ಮಣ್ಣಿನ ಗೋಡೆ ಒಂದು ಕಡೆ ಮಳೆಗೆ ಕುಸಿದಿತ್ತು. ಅಲ್ಲಿಂದ ಬೀದಿಯವರ ಕಣ್ಣಿಗೆ ಬಿದ್ದು ಮಾತು ಹಬ್ಬಿತು. ಮುಂಭಾಗದಲ್ಲಿದ್ದ ಮನೆಯ ಒಡತಿ, ವಯಸ್ಸಾದ ಹೆಂಗಸು, ಒಂದು ಸಂಜೆ ಹಿತ್ತಲಿಗೇ ಬಂದರು.

“ಏನ್ರಮ್ಮ ಇದು? ಗಂಡಸ್ರಂಗೆ ಕಚ್ಚೆ ಕಟ್ಕೊಂಡು? ಬೀದಿನೋರು ನನ್ನ ಕೇಳ್ತಾರೆ. ಮಕ್ಳಿಗೆ ಬುದ್ಧಿ ಹೇಳೋರು ನೀವು.”

ದೊಡ್ಡ ಮೇಷ್ಟ್ರಮ್ಮ ಲೋಡು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. “ನೀವು ದಿನಾ ಬೀಸೋ ಕಲ್ಲು ತಿರುಗ್ಸಲ್ವಾ, ಅಜ್ಜಮ್ಮ?”

“ಅದು ರಾಗಿಗೆ ಕಣಮ್ಮ.”

“ಇದು ನಂಗೆ.”

ಮುದುಕಿ ಬಗ್ಗಿ ಲೋಡನ್ನು ಮುಟ್ಟಿ ನೋಡಿದರು. ಮನೆ ಬಿಡಿ ಎನ್ನುತ್ತಾರೆ ಎಂದುಕೊಂಡೆ. ಬಿಟ್ಟರೆ ಬೇರೆ ಮನೆ ಹುಡುಕಬೇಕು, ಸಿಗುವುದಿಲ್ಲ, ಸಿಗದಿದ್ದರೆ ಕೆಲಸ ಬಿಡಬೇಕು, ಅಣ್ಣನ ಮನೆಗೆ ಹೋಗಬೇಕು. ಇಷ್ಟೆಲ್ಲ ಯೋಚನೆ ಬಂತು, ಆದರೆ ಭಯ ಬರಲಿಲ್ಲ. ಮುದುಕಿ ಗೊಣಗುತ್ತ ಒಳಗೆ ಹೋದರು. ಮೂರು ನಾಲ್ಕು ದಿನ ಮಾತಿಲ್ಲ. ಆಮೇಲೆ ಒಂದು ಸಂಜೆ ನಾವು ಬರುವಷ್ಟರಲ್ಲಿ ಗೋಡೆ ಕುಸಿದ ಕಡೆ ಎರಡು ಗೂಟ ನೆಟ್ಟು ಹಳೆಯ ಜಮಖಾನ ಕಟ್ಟಿತ್ತು. ಒಡತಿಯ ಜಗಲಿಯ ಮೇಲೆ ಹಾಸಿರುತ್ತಿದ್ದ ಜಮಖಾನ ಅದು.

ಒಂದು ಭಾನುವಾರ ಬೆಳಗ್ಗೆ ಶಿರಾದಿಂದ ಅವರ ಗಂಡನ ಕಡೆಯವನೊಬ್ಬ ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, “ಅವ್ರು ಹೋಗ್ಬುಟ್ರು ಕಣಮ್ಮ, ಮಣ್ಣೂ ಆಯ್ತು” ಎಂದು ಹೇಳಿ ಹೊರಟುಹೋದ. ಹನ್ನೆರಡು ವರ್ಷ ಮುಖ ನೋಡದ ಗಂಡ. ಒಡತಿಯೂ ಪಕ್ಕದ ಮನೆಯ ಇಬ್ಬರೂ ಬಳೆ ತೆಗೆಸಲು ಬಂದರು. ಇವರು ಯಾರ ಕೈಗೂ ಕೊಡದೆ ತಾವೇ ಒಂದೊಂದಾಗಿ ತೆಗೆಯತೊಡಗಿದರು. ಅಗಲವಾದ ಕೈ, ಬಳೆ ದಾಟಲೊಲ್ಲದು. ಎಣ್ಣೆ ಹಚ್ಚಿದೆವು. ಕಡೆಯ ಎರಡು ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಹೆಬ್ಬೆರಳ ಬುಡದಲ್ಲಿ ಗಾಜು ಗೀರಿತು. ಬಂದವರು ಅತ್ತರು. ಇವರು ಗೀರಿದ ಜಾಗಕ್ಕೆ ಅರಿಶಿನ ಒತ್ತಿಕೊಂಡರು.

ಅವರೆಲ್ಲ ಹೋದ ಮೇಲೆ ನನ್ನ ಕಡೆ ನೋಡಿ, “ಅಳು ಬರ್ಲಿಲ್ಲ ಕಣೇ. ಬರ್ಬೇಕಾಗಿತ್ತೇನೋ,” ಎಂದರು.

“ನಂಗೂ ಬಂದಿರ್ಲಿಲ್ಲ,” ಎಂದೆ. ನನ್ನ ಗಂಡನ ಬಗ್ಗೆ ಅವರ ಮುಂದೆ ನಾನು ಆಡಿದ ಮಾತು ಅದೊಂದೇ.

ಸೂತಕದ ರಜೆ ಅವರು ಹಾಕಲಿಲ್ಲ. ಸೋಮವಾರ ಇಬ್ಬರೂ ಸ್ಕೂಲಿಗೆ ಹೋದೆವು. ಬರೀ ಕೈ ನೋಡಿ ಹುಡುಗಿಯರು ಪಿಸುಗುಟ್ಟಿದರು. ಸಂಜೆ ಹೊಳೆ ದಾಟಿ ಮನೆಗೆ ಬಂದಾಗ ಅವರು ಚೀಲ ಇಟ್ಟು ಜಗಲಿಯ ಮೇಲೆ ಕೂತರು. ಎಂದೂ ಕೂತವರಲ್ಲ. ನಾನು ಎದುರಿಗೆ ನಿಂತೇ ಇದ್ದೆ. ಕೂರೋಣವೆಂದರೆ ಕಾಲು ಬಾಗಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವರದೇ ಮಾತು ಬಾಯಿಗೆ ಬಂತು.

“ಸುಮ್ನೆ ಬಂದು ನಿಂತ್ಕೊಳ್ಳಿ, ಅಕ್ಕಾ.”

ಎದ್ದು ಹಿತ್ತಲಿಗೆ ಬಂದರು. ಆದರೆ ನಿಲ್ಲಲಿಲ್ಲ, ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. “ಇವತ್ತು ನೀನು ಹಾಕು. ನಾನು ನೋಡ್ತೀನಿ.”

ನಾನು ಸೀರೆ ಎತ್ತಿ ಕಟ್ಟಿದೆ. ಇಷ್ಟು ದಿನ ನೋಡಿದ್ದೆನಲ್ಲ, ಹಾಗೇ ಬಸ್ಕಿ ಹಾಕಲು ಹೋಗಿ ಹಿಂದಕ್ಕೆ ಬಿದ್ದೆ. ಅವರು ನಗಲಿಲ್ಲ, ಎತ್ತಲೂ ಬರಲಿಲ್ಲ.

“ಇನ್ನೊಂದು,” ಎಂದರು.

ಇನ್ನೊಂದು ಹಾಕಿದೆ. ಕತ್ತಲು ಇಳಿದು ಅವರ ಮುಖ ಕಾಣದಾಗುವವರೆಗೆ ಆ ಮಾತು ಬರುತ್ತಲೇ ಇತ್ತು, ನಾನು ಹಾಕುತ್ತಲೇ ಇದ್ದೆ.

ಮಾರನೆಯ ಬೆಳಗ್ಗೆ ಹೊಳೆಯ ದಂಡೆ ಇಳಿಯಲು ನನ್ನಿಂದ ಆಗಲಿಲ್ಲ. ತೊಡೆ ಸೆಟೆದುಕೊಂಡು ಒಂದೊಂದು ಹೆಜ್ಜೆಗೂ ಜೀವ ಹೋಗುತ್ತಿತ್ತು. ಮುಂದೆ ಹೋಗುತ್ತಿದ್ದವರು ನಿಂತು ತಿರುಗಿ ನೋಡಿದರು.

“ನೋಯ್ತದಾ?”

“ಹೂಂ.”

“ಒಳ್ಳೇದು,” ಎಂದು ಮತ್ತೆ ನಡೆದರು, ಸ್ವಲ್ಪ ನಿಧಾನವಾಗಿ.

ಅಂದಿನಿಂದ ನಾನೂ ಸಾಮಿಗೆ ಇಳಿದೆ. ಅದರಿಂದ ಸಂತೋಷ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಕೈಕಾಲು ಸ್ಕೂಲಿನದು, ದಾರಿಯದು, ಒಲೆಯದು. ಆ ಸ್ವಲ್ಪ ಹೊತ್ತು ಮಾತ್ರ ಯಾರದೂ ಅಲ್ಲ. ಮಕ್ಕಳು ಮೇಷ್ಟ್ರಮ್ಮ ಎನ್ನುವುದಿಲ್ಲ, ನೆಂಟರು ಪಾಪ ಎನ್ನುವುದಿಲ್ಲ. ಆರೇಳು ವರ್ಷ ಹಾಗೇ ನಡೆಯಿತು. ತಪ್ಪಿದ ದಿನಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ತಪ್ಪಿದ ಮಾರನೆಯ ದಿನ ಅವರು ಅದರ ಮಾತೆತ್ತುತ್ತಿರಲಿಲ್ಲ. ಚೀಲ ಇಟ್ಟು ಹಿತ್ತಲಿಗೆ ನಡೆಯುತ್ತಿದ್ದರು, ನಾನು ಹಿಂದೆ.

ಆಮೇಲೆ ಅವರಿಗೆ ಬುಕ್ಕಾಪಟ್ಟಣಕ್ಕೆ ವರ್ಗವಾಯಿತು. ಹೊರಡುವ ದಿನ ಬಸ್ಸು ಹತ್ತುವಾಗ ಅವರು ಹೇಳಿದ್ದು ಇಷ್ಟೇ: “ಬೆಲ್ಲ ಮುಗ್ದದೆ, ತರ್ಸ್ಕ.” ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು.

ಎರಡನೆಯ ವರ್ಷ, ಆ ಕಡೆಯಿಂದ ವರ್ಗವಾಗಿ ಬಂದ ಮೇಷ್ಟರೊಬ್ಬರು ಮಾತಿನ ನಡುವೆ ಹೇಳಿದರು, ದೊಡ್ಡ ಮೇಷ್ಟ್ರಮ್ಮ ತೀರಿಕೊಂಡು ಆಗಲೇ ಹದಿನೈದು ದಿನವಾಗಿದೆ ಎಂದು. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತಂತೆ. ನಾನು ಮಧ್ಯಾಹ್ನದ ಪಾಠ ಮುಗಿಸಿದೆ. ಶನಿವಾರ ರಜೆ ಕೇಳಿಕೊಂಡು ಬಸ್ಸಿನಲ್ಲಿ ಶಿರಾಕ್ಕೆ ಹೋಗಿ, ಅಲ್ಲಿಂದ ಗಾಡಿ ಹಿಡಿದು ಬುಕ್ಕಾಪಟ್ಟಣ ತಲುಪಿದೆ.

ಅವರ ಮನೆಗೆ ನೀರು ತಂದುಕೊಡುತ್ತಿದ್ದ, ಕಡೆಯಲ್ಲಿ ಜೊತೆಗಿದ್ದ ಒಬ್ಬ ಗೊಲ್ಲರ ಹೆಂಗಸು ಸಮಾಧಿಯ ಹತ್ತಿರ ಕರೆದುಕೊಂಡು ಹೋದಳು. ದಾರಿಯಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದವನೊಬ್ಬ ನಾನು ಯಾರೆಂದು ವಿಚಾರಿಸಿ, “ಎಂಥ ಗಟ್ಟಿ ಮೈ. ಅಷ್ಟು ಸಾಮು ಮಾಡಿ ಏನು ಬಂತು ಹೇಳಿ?” ಎಂದ. ನಾನು ಮುಂದೆ ನಡೆದೆ. ಸಾಮು ಮಾಡಿದರೆ ಸಾವು ಬರುವುದಿಲ್ಲ ಎಂದು ಅವರು ಎಂದೂ ಹೇಳಿರಲಿಲ್ಲ.

ಹೊಸ ಮಣ್ಣು, ಮೇಲೊಂದು ಕಲ್ಲು, ಸುತ್ತ ಜಾಲಿಮುಳ್ಳು. ವಿಭೂತಿ ಇಟ್ಟು ನಿಂತೆ.

“ಕೊನೆಕೊನೇಗೆ ಏಳಕ್ಕೇ ಆಗ್ತಿರ್ಲಿಲ್ಲ ಕಣಮ್ಮ,” ಎಂದಳು ಆ ಹೆಂಗಸು. “ಆದ್ರೂ ಹೊತ್ತು ಮುಳುಗೋ ಟೇಮಿಗೆ, ನನ್ನ ಹಿತ್ಲಿಗೆ ಕರ್ಕೊಂಡೋಗು ಅನ್ನೋರು. ಎತ್ಕೊಂಡೋಗಿ ಕೂರ್ಸ್ತಿದ್ದೆ. ಮಣಿಕಟ್ಟು ತಿರುಗ್ಸೋರು, ಅಷ್ಟೇಯ. ಯಾಕಮ್ಮ ಇದು ಅಂದ್ರೆ, ಇನ್ನೂ ನಂದೇ ಅಲ್ವಾ ಅನ್ನೋರು.”

ನಾನು ನಿವೃತ್ತಳಾಗಿ ಎಷ್ಟೋ ವರ್ಷವಾಯಿತು. ಪಾಠ ಹೇಳುವುದನ್ನು ಟ್ರೈನಿಂಗಿನಲ್ಲಿ ಕಲಿತೆ, ಸಂಬಳ ಸರ್ಕಾರ ಕೊಟ್ಟಿತು. ಈ ಮೈ ನನ್ನದೆಂದು ಅವರೊಬ್ಬರೇ ಹೇಳಿಕೊಟ್ಟದ್ದು. ಆ ಋಣ ತೀರಿಸುವ ದಾರಿ ನನಗೆ ತಿಳಿಯಲಿಲ್ಲ.

ಆ ದಿನ ಸಮಾಧಿಯಿಂದ ಹಿಂತಿರುಗುವಾಗ ಗೊಲ್ಲರ ಹೆಂಗಸು ತನ್ನ ಗುಡಿಸಲ ಮುಂದೆ ನಿಂತು, “ನೀವು ನಮ್ಮನೇಲಿ ಉಣ್ಣಾಕಿಲ್ಲ, ಗೊತ್ತು. ಮಜ್ಜಿಗೆಯಾದ್ರೂ ಕುಡೀತೀರಾ?” ಎಂದಳು. ನಮ್ಮವರು ಅವರ ಮನೆಯಲ್ಲಿ ಉಣ್ಣುವ ಕಾಲವಲ್ಲ ಅದು. ಅಳು ಬರುತ್ತದೆಯೇನೋ ಎಂದು ದಾರಿಯುದ್ದಕ್ಕೂ ಕಾದಿದ್ದೆ. ಅಳು ಬಂದಿರಲಿಲ್ಲ. ಹೊಟ್ಟೆ ಹಸಿದಿತ್ತು.

“ಮುದ್ದೆ ಇದ್ದರೆ ಇಕ್ಕಮ್ಮ,” ಎಂದೆ.

ಬಿಸಿ ಮುದ್ದೆ, ಹುರುಳಿ ಸಾರು ಇಕ್ಕಿದಳು. ಒಂದು ಮುಗಿಸಿ, ಇನ್ನೊಂದು ಕೇಳಿ ಹಾಕಿಸಿಕೊಂಡು ಉಂಡೆ.