ತಿಂಗಳಿಗೆ ನೂರ ಹದಿನೆಂಟು ಕಾಯಿ

ನಮ್ಮ ಕಡೆಯ ಗಂಡಸರು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನು ನೀವು ಒಮ್ಮೆಯಾದರೂ ನೋಡಬೇಕು. ಕಣ್ಣು ಅರೆಮುಚ್ಚಿರುತ್ತದೆ, ಉಸಿರು ನಿಂತಿರುತ್ತದೆ, ಪಕ್ಕದಲ್ಲಿ ಹಾಲು ಉಕ್ಕಿ ಒಲೆ ಆರಿಹೋದರೂ ಗೊತ್ತಾಗದಂಥ ಏಕಾಗ್ರತೆ. ಮರದಿಂದಿಳಿದ ಬಲಿತ ಕಾಯಿ ಸಿಪ್ಪೆಯ ಸಮೇತ ಅಟ್ಟ ಸೇರಿ, ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು ಕೊಬ್ಬರಿಯಾದಾಗ ಒಳಗೊಳಗೇ ಲೊಡಲೊಡ ಎನ್ನುತ್ತದೆ. ಆ ಸದ್ದಿಗಾಗಿ ಈ ತಪಸ್ಸು. ನಮ್ಮ ಯಜಮಾನರು ಇದರಲ್ಲಿ ಪಾರಂಗತರು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಮಾತನ್ನು ಅವರು ಅಷ್ಟು ಶ್ರದ್ಧೆಯಿಂದ ಕೇಳಿದ್ದು ನನಗಂತೂ ನೆನಪಿಲ್ಲ. ಕಾಯಿಯನ್ನು ಅಲ್ಲಾಡಿಸಿದರಷ್ಟೇ ಸದ್ದು. ನಾನು ಅಲ್ಲಾಡಿಸದೆಯೇ ಸದ್ದು ಮಾಡುವವಳು. ಬೆಲೆ ಕಡಿಮೆಯಾಗಿದ್ದು ಅದಕ್ಕೇ ಇರಬೇಕು.

ತಿಪಟೂರಿನಿಂದ ಶೆಟ್ಟಿಕೆರೆ ಬಸ್ಸು ಹತ್ತಿದರೆ ಮಧ್ಯೆ ಸಿಗುವ ನಮ್ಮ ಊರಿನಲ್ಲಿ ಪ್ರತಿ ಮನೆಗೂ ಎರಡು ಅಂತಸ್ತು: ಕೆಳಗಿನದರಲ್ಲಿ ಮನುಷ್ಯರು, ಮೇಲಿನದರಲ್ಲಿ ಕಾಯಿ. ಗೌರವ ಹೆಚ್ಚು ಮೇಲಿನವರಿಗೆ. ಮಗಳ ಕಾಲೇಜಿನ ಫೀಸೆಂದರೂ, ಸೋರುವ ನಲ್ಲಿಯೆಂದರೂ, ನನ್ನ ಹಲ್ಲುನೋವೆಂದರೂ ಯಜಮಾನರದು ಒಂದೇ ಉತ್ತರ: "ಅಟ್ಟದ ಮೇಲೈತೆ ಬುಡು." ಹನ್ನೆರಡು ಸಾವಿರ ಕಾಯಿ ಅಲ್ಲಿದ್ದದ್ದು ನಿಜ. ಆದರೆ ಇಳಿಸುವ ಮುಹೂರ್ತ ಮಾತ್ರ ಬರುತ್ತಿರಲಿಲ್ಲ. ಕೊಬ್ಬರಿಯ ರೇಟು ಏರಿದರೆ, "ಏರ್ತಾ ಐತಲ್ಲ, ಈಗ ಯಾರಾದ್ರೂ ಮಾರ್ತಾರಾ?" ಇಳಿದರೆ, "ಇಳ್ದೈತಲ್ಲ, ಈಗ ಯಾರಾದ್ರೂ ಮಾರ್ತಾರಾ?" ನಿಂತಲ್ಲೇ ನಿಂತಿದ್ದರೆ, "ಏನೋ ಆಗೋದೈತೆ, ನೋಡನ." ಈ ತರ್ಕವನ್ನು ಸೋಲಿಸುವ ಪಂಡಿತ ಈ ಮೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಹಾಗೆಂದು ಸಾಲ ಮಾಡಿದ ಪಾಪವನ್ನು ಅವರ ತಲೆಗೆ ಕಟ್ಟಿದರೆ ನನ್ನ ನಾಲಿಗೆ ಬಿದ್ದುಹೋದೀತು. ಸಾಲದ ಮೂಲಪುರುಷ ಸಾಕ್ಷಾತ್ ನಾನೇ. ತಿಪಟೂರಿನಲ್ಲಿ ಗೆಳತಿಯೊಬ್ಬಳ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದವಳು ದೇವರನ್ನು ನೋಡಿದೆನೋ ಇಲ್ಲವೋ, ಅವಳ ಅಡುಗೆಮನೆಯ ಕಪ್ಪು ಗ್ರಾನೈಟ್ ಕಟ್ಟೆಯನ್ನು ಮಾತ್ರ ಕಣ್ತುಂಬ ನೋಡಿ ಬಂದೆ. ಅದರಲ್ಲಿ ನನ್ನ ಮುಖ ಕಾಣಿಸುತ್ತಿತ್ತು, ಅದೂ ಹತ್ತು ವರ್ಷ ಚಿಕ್ಕದಾಗಿ. ಆಮೇಲೆ ನಮ್ಮ ಹಳೆಯ ಸಿಮೆಂಟ್ ಕಟ್ಟೆಯ ಮೇಲೆ ಸೊಪ್ಪು ಹೆಚ್ಚುವುದೇ ನನಗೆ ಅವಮಾನವಾಗತೊಡಗಿತು. ಕಟ್ಟೆಗೆಂದು ಶುರುವಾದ ಕೆಲಸ ಗೋಡೆಗೆ ಏರಿ, ನೆಲಕ್ಕೆ ಇಳಿದು, ಬಾಗಿಲನ್ನೂ ಬದಲಾಯಿಸಿ, ಎರಡು ಲಕ್ಷಕ್ಕೆ ಬಂದು ನಿಂತಿತು. ಒಂದೂವರೆ ಲಕ್ಷಕ್ಕೆ ನಮ್ಮತ್ತೆ ಗೌರಮ್ಮನವರ ಕಾಸಿನ ಸರ ಬ್ಯಾಂಕಿಗೆ ಹೋಯಿತು. ಉಳಿದ ಐವತ್ತು ಸಾವಿರ ಪರಿಚಯದವರೊಬ್ಬರ ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಅತ್ತೆ ಸರ ಬಿಚ್ಚಿಕೊಡುತ್ತಾ, "ಬೇಗ ತಂದ್ಕೊಡಮ್ಮ, ಕತ್ತು ಹಗೂರ ಆದ್ರೆ ನಿದ್ದೆ ಬರಲ್ಲ" ಎಂದರು, ಅಷ್ಟೇ. ಅಂದಿನಿಂದ ಸೆರಗನ್ನು ಕತ್ತಿನ ಸುತ್ತ ಸುತ್ತಿಕೊಳ್ಳಲು ಶುರು ಮಾಡಿದರು. ಬಿರುಬೇಸಿಗೆಯಲ್ಲೂ ಅದೇ. ಕೇಳಿದವರಿಗೆ "ಗಂಟ್ಲು ಕೆಟ್ಟೈತೆ" ಎನ್ನುತ್ತಿದ್ದರು. ಎರಡು ವರ್ಷ ಕೆಟ್ಟೇ ಇರುವ ಗಂಟಲನ್ನು ಕಂಡು ಮರುಗಿದ ಎದುರುಮನೆಯಾಕೆ ಯಾವುದೋ ಬೇರಿನ ಕಷಾಯ ಕಾಯಿಸಿ ತಂದರು. ನಮ್ಮತ್ತೆ ಮಹಾತಾಯಿ, ಮನೆಯ ಮಾನ ಉಳಿಸಲು ಆ ಕಹಿಯನ್ನು ಐದು ದಿನ ಒಂದು ತೊಟ್ಟೂ ಚೆಲ್ಲದೆ ಕುಡಿದರು. ನಾನು ಗ್ರಾನೈಟ್ ಒರೆಸುತ್ತಾ ಅದನ್ನು ನೋಡುತ್ತಿದ್ದೆ. ಈಗ ಅದರಲ್ಲಿ ಕಾಣುವ ಮುಖಕ್ಕೆ ಹತ್ತು ವರ್ಷ ಹೆಚ್ಚೇ ಆಗಿತ್ತು.

ಸಾಲ ತೀರಿಸಲು ನಾನು ಮೊದಲು ಹಿಡಿದದ್ದು ಮೊಬೈಲಿನ ದಾರಿ. ನಗುನಗುತ್ತಾ ಬಜೆಟ್ ಹೇಳಿಕೊಡುವ ಹೆಣ್ಣುಮಗಳೊಬ್ಬಳ ವಿಡಿಯೋ ನೋಡಿ ಐದು ಡಬ್ಬ ಜೋಡಿಸಿದೆ: ದಿನಸಿ, ಕರೆಂಟು, ಓದು, ಮದುವೆ ಮನೆಯ ಮುಯ್ಯಿ, ಬಡ್ಡಿ. ನಮ್ಮ ಮನೆ ನಡೆಯುವುದು ಎರಡು ಹಸುವಿನ ಹಾಲಿನ ದುಡ್ಡಿನಲ್ಲಿ. ಡೇರಿಯ ಬಿಲ್ಲು ಬಂದ ದಿನ ಐದೂ ಡಬ್ಬಗಳಿಗೆ ಸಮಾನ ಪ್ರೀತಿಯಿಂದ ಹಂಚುತ್ತಿದ್ದೆ. ಬಡ್ಡಿಯ ಡಬ್ಬ ಮಾತ್ರ ಪಕ್ಕದ ಡಬ್ಬಗಳನ್ನೂ ನುಂಗುವ ರಾಕ್ಷಸ ಕುಲದ್ದು. ಟೀಪುಡಿ ಕಡಿಮೆ ಮಾಡಿದೆ. ಯಜಮಾನರು ಲೋಟವನ್ನು ಬೆಳಕಿಗೆ ಹಿಡಿದು "ಇದ್ರಾಗೆ ತಳ ಕಾಣ್ತದೆ ಕಣೇ" ಎಂದರು. ಟೀವಿಗೆ ದುಡ್ಡು ಕಟ್ಟುವುದನ್ನು ನಿಲ್ಲಿಸಿದೆ. ಅತ್ತೆ ಎದುರುಮನೆಗೆ ಧಾರಾವಾಹಿ ನೋಡಲು ಹೋಗಿ ಇನ್ನೊಂದು ಸುತ್ತು ಕಷಾಯಕ್ಕೆ ಸಿಕ್ಕಿಬಿದ್ದರು. ಇಷ್ಟಾದರೂ ವರ್ಷದ ಕೊನೆಗೆ ನಾವು ಕಟ್ಟಿದ್ದು ಬರೀ ಬಡ್ಡಿ. ಅಸಲು ನಮ್ಮ ಗ್ರಾನೈಟಿನಷ್ಟೇ ಗಟ್ಟಿಯಾಗಿ, ಹೊಳೆಯುತ್ತಾ, ಇದ್ದಲ್ಲೇ ಇತ್ತು.

ಹೀಗಿರುವಾಗ ದಂಡಿನಶಿವರದಿಂದ ಫೋನು ಬಂತು. ಅದು ಅತ್ತೆಯ ತವರು. ಅವರ ತಮ್ಮನ ಮೊಮ್ಮಗಳಿಗೆ ವೈಶಾಖದಲ್ಲಿ ಮದುವೆ, ಇನ್ನು ಮೂರೂವರೆ ತಿಂಗಳಿದೆ, ತಮ್ಮನ ಹೆಂಡತಿ ಪುಟ್ಟಮ್ಮ ಖುದ್ದಾಗಿ ಕರೆದರು. ಅತ್ತೆ ಫೋನಿನಲ್ಲಿ ಎಲ್ಲವನ್ನೂ ನಗುತ್ತಾ ಕೇಳಿ, ಇಟ್ಟ ಮೇಲೆ ಸೆರಗನ್ನು ಕತ್ತಿಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

"ನೀವು ಹೋಗ್ಬನ್ನಿ. ನಾನು ಬರಾಕಿಲ್ಲ."

"ತವರುಮನೆ ಮದ್ವೆಗೆ ಬರ್ದೆ ಇದ್ರೆ ಹೆಂಗತ್ತೆ?"

"ಆ ಪುಟ್ಟಮ್ಮ ನನ್ನ ಮಕ ನೋಡಿ ಮಾತಾಡೋಳಲ್ಲ, ಕತ್ತು ನೋಡಿ ಮಾತಾಡೋಳು. ಅಲ್ಲಿ ಹೋಗಿ ಗಂಟ್ಲು ಕೆಟ್ಟೈತೆ ಅನ್ಲಾ?"

ತವರಿನ ಮದುವೆಯನ್ನು ಒಬ್ಬ ಹೆಣ್ಣುಮಗಳು ನನ್ನ ಅಡುಗೆಕಟ್ಟೆಗಾಗಿ ಬಿಡುತ್ತಿದ್ದಾಳೆ ಎನ್ನುವುದು ನನ್ನ ಎದೆಗೆ ನಾಟಿತು. ಸಂಜೆ ಯಜಮಾನರ ಮುಂದೆ ಕೂತು, ಎರಡೂ ಸಾಲ ಸೇರಿ ತಿಂಗಳಿಗೆ ಎರಡು ಸಾವಿರದ ಮುನ್ನೂರೈವತ್ತು ರೂಪಾಯಿ ಬಡ್ಡಿ ಆಗುತ್ತದೆ ಎಂದು ಬಿಡಿಸಿ ಹೇಳಿದೆ. "ಅಷ್ಟೇ ತಾನೆ" ಎಂದರು. ಹೇಳಿದವರು ಕೆಟ್ಟವರಲ್ಲ, ರೂಪಾಯಿ ಅವರಿಗೆ ಅರ್ಥವಾಗುವುದಿಲ್ಲ, ಅಷ್ಟೇ. ಐನೂರರ ನೋಟು ಬಿದ್ದುಹೋದರೆ "ಹೋಯ್ತು ಬುಡು" ಎನ್ನುವ ಇದೇ ಮನುಷ್ಯ, ಕಾಲುವೆಗೆ ಉರುಳಿದ ಒಂದು ಕಾಯಿಗಾಗಿ ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ಕೆಸರಿಗೆ ಇಳಿದದ್ದನ್ನು ನಾನೇ ಕಂಡಿದ್ದೇನೆ. ಪ್ರತಿಯೊಬ್ಬರಿಗೂ ನೋವಾಗುವ ನಾಣ್ಯವೊಂದಿರುತ್ತದೆ. ಇವರದು ಸರ್ಕಾರ ಮುದ್ರಿಸಿದ್ದಲ್ಲ, ಮರದಲ್ಲಿ ಬಿಟ್ಟದ್ದು.

ಅವತ್ತು ಕಾಯಿಗೆ ಇಪ್ಪತ್ತು ರೂಪಾಯಿ ನಡೆಯುತ್ತಿತ್ತು. ಭಾಗಿಸಿದೆ. ನೂರ ಹದಿನೇಳೂವರೆ ಬಂತು. ಬ್ಯಾಂಕಿನವರು ಅರ್ಧ ಕಾಯಿಯನ್ನು ನಮಗೆ ಬಿಡುವಷ್ಟು ಧಾರಾಳಿಗಳಲ್ಲವಾದ್ದರಿಂದ ನೂರ ಹದಿನೆಂಟು ಎಂದಿಟ್ಟುಕೊಂಡೆ. ಮರುದಿನ ಯಜಮಾನರು ತೋಟಕ್ಕೆ ಹೋದದ್ದೇ ತಡ, ನಾನು ಅಟ್ಟ ಹತ್ತಿ ಒಂದೊಂದಾಗಿ ಇಳಿಸಿದೆ, ಅತ್ತೆ ಕೆಳಗೆ ನಿಂತು ಎಣಿಸಿದರು. ಸಿಪ್ಪೆ ಸುಲಿಯದ ನೂರ ಹದಿನೆಂಟು ಕಾಯಿ ಎಷ್ಟು ಜಾಗ ಹಿಡಿಯುತ್ತವೆ ಎಂದು ನಿಮಗೆ ಅಂದಾಜಿರಲಿಕ್ಕಿಲ್ಲ. ನಡುಮನೆಯಲ್ಲಿ ಯಜಮಾನರು ಕೂತು ಮೊಬೈಲು ನೋಡುವ ಮೂಲೆ ಪೂರ್ತಿ ಮುಚ್ಚಿಹೋಯಿತು.

ಮಧ್ಯಾಹ್ನ ಊಟಕ್ಕೆ ಬಂದವರು ಹೊಸಿಲಲ್ಲೇ ನಿಂತರು.

"ಯಾರ್ದೇ ಇವು?"

"ಬಡ್ಡಿ ತಗಳ್ಳೋರ್ದು" ಎಂದೆ. "ಈ ತಿಂಗಳ ಪಾಲು. ಮುಂದಿನ ತಿಂಗಳು ಇಷ್ಟೇ ಇನ್ನೊಂದು ರಾಶಿ."

"ಇಷ್ಟೊಂದಾ?" ಅವರು ಕುಕ್ಕರುಗಾಲಲ್ಲಿ ಕೂತು, ಒಂದನ್ನೆತ್ತಿ ಕಿವಿಗಿಟ್ಟು ಅಲ್ಲಾಡಿಸಿದರು. ಮುಖ ಬಾಡಿತು. "ಲೇ, ಇದು ಚೆನ್ನಾಗಿ ಲೊಡಲೊಡ ಅಂತದೆ ಕಣೇ! ಇಂಥದ್ನ ಯಾಕೆ ಕೊಡ್ತೀಯ? ಪೀಚು ನೋಡಿ ಹಾಕದಲ್ವಾ?"

"ಅವ್ರು ಒಳ್ಳೇದ್ನೇ ತಿನ್ನೋದು ಕಣ್ಲಾ ಶಂಕ್ರ" ಎಂದರು ಅತ್ತೆ, ಎಲೆಅಡಿಕೆ ಜಗಿಯುತ್ತಾ. "ಎರಡು ವರ್ಸದಿಂದ ತಿಂತಾ ಅವ್ರೆ. ನಿಂಗೆ ಕಾಣ್ತಿರ್ಲಿಲ್ಲ."

ಎರಡು ವರ್ಷಕ್ಕೆ ಎಷ್ಟು ಎಂದು ಯಜಮಾನರೇ ಬಾಯಲ್ಲಿ ಲೆಕ್ಕ ಹಾಕಿದರು. ಎರಡು ಸಾವಿರದ ಎಂಟುನೂರ ಮೂವತ್ತೆರಡು. ಊಟದ ಎಲೆಯ ಮುಂದೆ ಕೂತು, ಮುದ್ದೆ ಮುರಿಯದೆ, ಗೋಡೆ ನೋಡುತ್ತಾ ಆ ಸಂಖ್ಯೆಯನ್ನು ಇನ್ನೊಮ್ಮೆ ಹೇಳಿದರು. ಆಮೇಲೆ, ನಾನು ಎಣಿಸಿರದ ದಿಕ್ಕಿನಿಂದ ಬಾಣ ಬಂತು. "ಹಂಗಾರೆ ನಿನ್ನ ಗ್ರಾನೈಟು ಎಷ್ಟು ಕಾಯಿ?"

ಹತ್ತು ಸಾವಿರ. ಲೆಕ್ಕ ಬರುವವರನ್ನು ಮದುವೆಯಾಗಬಾರದು ನೋಡಿ. ಅಂದಿನಿಂದ ಆ ಕಟ್ಟೆಯ ಮೇಲೆ ಈರುಳ್ಳಿ ಹೆಚ್ಚುವಾಗಲೆಲ್ಲ ಹತ್ತು ಸಾವಿರ ಕಾಯಿಗಳ ಬೆನ್ನ ಮೇಲೆ ಹೆಚ್ಚಿದಂತೆ ನನಗೆ ಅನಿಸುತ್ತಿತ್ತು. ಮನೆಗೆ ಹೊಸ ಪರದೆ ಬೇಕೆಂಬ ನನ್ನ ಇನ್ನೊಂದು ಆಸೆ, ಇನ್ನೂರೈವತ್ತು ಕಾಯಿ ಎಂದು ಗೊತ್ತಾದ ಕ್ಷಣವೇ ಪ್ರಾಣ ಬಿಟ್ಟಿತು. ಈ ಲೆಕ್ಕ ನಮ್ಮಿಬ್ಬರನ್ನೂ ಸಮವಾಗಿ ಕಚ್ಚಿತು. ಬಹುಶಃ ಅದಕ್ಕೇ ಕೆಲಸ ಮಾಡಿತು.

ಆದರೂ ಯಜಮಾನರು ಒಂದೇ ಏಟಿಗೆ ಶರಣಾಗಲಿಲ್ಲ. ನಾನು ಡೇರಿಗೆ ಹೋದ ಹೊತ್ತಿನಲ್ಲಿ ರಾಶಿಯಿಂದ ಹತ್ತು ಒಳ್ಳೆಯ ಕಾಯಿ ಆರಿಸಿ ಗುಟ್ಟಾಗಿ ಅಟ್ಟಕ್ಕೆ ವಾಪಸು ಏರಿಸಿದ್ದರು. ಅತ್ತೆ ಎಣಿಸಿ, "ನೂರೆಂಟು ಐತೆ, ಇದೇನು ಅಷ್ಟೋತ್ತರನಾ?" ಎಂದಾಗ ಸಿಕ್ಕಿಬಿದ್ದರು. ಎರಡನೆಯ ತಿಂಗಳು ಎರಡನೆಯ ರಾಶಿ ಬಿತ್ತು. ಬಂದವರೆಲ್ಲ "ಇದ್ಯಾಕೆ ನಡುಮನೇಲಿ?" ಎಂದು ಕೇಳುವವರೇ. ಅತ್ತೆ ಯಾರಿಗೂ ಉತ್ತರ ಹೇಳದೆ ಮಗನ ಕಡೆ ಕೈ ತೋರಿಸುತ್ತಿದ್ದರು. ಎಂಟನೆಯ ದಿನ ಯಜಮಾನರು ಟವೆಲು ಕೊಡವಿ ಎದ್ದರು. "ಸಾಕು ಕಣಮ್ಮ. ಕೂಲಿಯೋರ್ನ ಕರೀತೀನಿ. ಅರ್ಧ ಅಟ್ಟ ಇಳ್ಸನ."

ಆರು ಸಾವಿರ ಕಾಯಿ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದು ಮಾರಲು ಒಂದು ವಾರ ಹಿಡಿಯಿತು. ಕಾಯುವುದನ್ನು ಬಿಟ್ಟು ಅವತ್ತಿನ ರೇಟಿಗೇ ಕೊಟ್ಟೆವು. ನಾವು ಮಾರಿದ ಮುಂದಿನ ವಾರವೇ ರೇಟು ಏರಿತು ಎಂದರೆ ನೀವು ನಗುತ್ತೀರಿ. ನಮ್ಮ ಯಜಮಾನರು ನಗಲಿಲ್ಲ, ಮಜ್ಜಿಗೆ ಕುಡಿದು ಮಲಗಿದರು. "ಮಾರ್ಬಿಟ್ವಲ್ಲಮ್ಮಾ" ಎಂದು ತಾಯಿಯ ಹತ್ತಿರ ಗೋಳಾಡಿದರು. "ಮಾರಿದ್ದಕ್ಕೆ ಏರ್ತು ಕಣ್ಲಾ, ನೀನು ಇಟ್ಕಂಡಿದ್ರೆ ಅದೂ ಇದ್ದಲ್ಲೇ ಇರ್ತಿತ್ತು. ಊರಿಗೆ ಉಪ್ಕಾರ ಮಾಡ್ದೆ, ಎದ್ದು ಉಣ್ಣು" ಎಂದರು ಅತ್ತೆ. ಅವರು ಎದ್ದರು. ಎದ್ದವರು ಉಣ್ಣುವ ಮೊದಲು ತಾವೇ ಅಟ್ಟದ ಉಳಿದರ್ಧದಿಂದ ಇನ್ನೊಂದಿಷ್ಟು ಇಳಿಸಿದರು. ಏರಿದ ರೇಟಿಗೆ ಮನುಷ್ಯ ಮಾರಿದ್ದು ನನ್ನ ಸಂಸಾರದ ಇತಿಹಾಸದಲ್ಲೇ ಅದು ಮೊದಲು. ಅದರಲ್ಲಿ ಬ್ಯಾಂಕಿನ ಉಳಿದ ಬಾಕಿಯೂ ಕೈಸಾಲವೂ ತೀರಿತು. ಬ್ಯಾಂಕಿನಲ್ಲಿ ಸರದ ಸಣ್ಣ ಚೀಲವನ್ನು ಕಿಟಕಿಯಿಂದ ಈಚೆಗೆ ತಳ್ಳಿದಾಗ ನಾವು ಮೂವರೂ ಒಟ್ಟಿಗೆ ಕೈ ಚಾಚಿದೆವು. ಅತ್ತೆ ಅಲ್ಲೇ, ಸರತಿಯಲ್ಲಿ ನಿಂತವರೆಲ್ಲರ ಎದುರಿಗೇ, ಸೆರಗು ತೆಗೆದು ಕೊರಳಿಗೆ ಹಾಕಿಕೊಂಡರು.

ಮದುವೆ ತುರುವೇಕೆರೆಯ ಛತ್ರದಲ್ಲಿ. ಅತ್ತೆ ಮುಂದಿನ ಸಾಲಿನಲ್ಲಿ, ನಾನು ಪಕ್ಕದಲ್ಲಿ, ಕೈಯಲ್ಲಿ ಅಕ್ಷತೆ. ಪುಟ್ಟಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಸಾಲು ಸಾಲಿಗೆ ಕೊಡುತ್ತಾ ಬಂದವರು, ನಿರೀಕ್ಷೆಯಂತೆ ಮುಖವನ್ನು ದಾಟಿ ನೇರ ಕತ್ತಿಗೆ ಇಳಿದರು. ಎರಡು ಬೆರಳಲ್ಲಿ ಸರ ಎತ್ತಿ ತೂಗಿದರು.

"ಪಳಪಳ ಅಂತದಲ್ಲ ಅತ್ಗೆ. ಹೊಸಾದಾ?"

ಪಾಲಿಶ್ ಮಾಡಿಸಿದೆವು ಎನ್ನುವ ಸುಳ್ಳನ್ನು ನಾನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟಿದ್ದೆ. ಅತ್ತೆ ನನಗಿಂತ ಮೊದಲೇ ಬಾಯಿ ತೆರೆದರು.

"ಹಳೇದೇ ಕಣೇ. ಎರಡು ವರ್ಸ ಅಡ ಇಟ್ಟಿದ್ವಿ. ಹೋದ್ ತಿಂಗ್ಳು ಬಿಡಿಸ್ಕಂಡ್ ಬಂದ್ವಿ."

ಓಲಗದ ಸದ್ದನ್ನೂ ಮೀರಿ ಹೇಳಿದರು. ಹಿಂದಿನ ಎರಡು ಸಾಲು ಕತ್ತು ಚಾಚಿತು. ನಾನು ಕಾಲ ಕೆಳಗಿನ ನೆಲ ನೋಡುತ್ತಾ ನಗು ಸಿಡಿಯುವುದನ್ನೇ ಕಾದೆ. ಯಾರೂ ನಗಲಿಲ್ಲ. ಪುಟ್ಟಮ್ಮನ ಕೈಯ ತಟ್ಟೆ ನಿಂತಲ್ಲೇ ನಿಂತಿತ್ತು. ತಲೆ ಎತ್ತಿ ನೋಡಿದೆ: ಹೊಸ ರೇಷ್ಮೆ ಸೀರೆಯ ಮೇಲೆ, ಮದುವೆ ಮನೆಯ ಯಜಮಾನಿಯ ಕತ್ತಿನಲ್ಲಿ ಇದ್ದದ್ದು ಒಂದೆಳೆ ಕರಿಮಣಿ ಮಾತ್ರ. ಸದಾ ಅವರ ಕತ್ತಿನಲ್ಲಿರುತ್ತಿದ್ದ ಎರಡೆಳೆಯ ಚಿನ್ನದ ಸರ ಎಲ್ಲಿ ಎಂದು ಯಾರೂ ಕೇಳಬೇಕಿರಲಿಲ್ಲ. ಚಪ್ಪರ, ಓಲಗ, ಊಟ ಎಲ್ಲವೂ ಎದುರಿಗೇ ಇದ್ದವು.

ಅತ್ತೆ ಅವರ ಕೈ ಹಿಡಿದು ಪಕ್ಕದ ಕುರ್ಚಿಗೆ ಎಳೆದರು.

"ಕೂತ್ಕ ಬಾ. ಎಷ್ಟಕ್ಕೆ ಇಟ್ಟಿದ್ದೀರಾ?"

ಪುಟ್ಟಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಅತ್ತೆಯ ಕಿವಿಯಲ್ಲಿ ಸಂಖ್ಯೆ ಹೇಳಿದರು. ಅತ್ತೆ ಅದನ್ನು ನನ್ನ ಕಿವಿಗೆ ದಾಟಿಸಿದರು. ನಾನು ಅಕ್ಷತೆಯನ್ನು ಎಡಗೈಗೆ ವರ್ಗಾಯಿಸಿ, ಮೊಬೈಲು ತೆಗೆದು, ಆ ದಿನದ ರೇಟಿಗೆ ಭಾಗಿಸಿ ತೋರಿಸಿದೆ. ಪುಟ್ಟಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು.

"ಅಟ್ಟದಾಗೆ ಅದಕ್ಕಿಂತ ಜಾಸ್ತೀನೇ ಅವೆ ಅತ್ಗೆ. ನಿಮ್ಮ ತಮ್ಮ ಮುಟ್ಟಕ್ಕೆ ಬುಡಲ್ಲ. ರೇಟು ಬರ್ಲಿ ಅಂತಾರೆ."

ಗಂಡಸರ ಕಡೆಯ ಸಾಲಿನಲ್ಲಿ, ಜರಿ ಪೇಟ ಸುತ್ತಿಕೊಂಡು, ನಮ್ಮ ಯಜಮಾನರ ಹೆಗಲ ಮೇಲೆ ಕೈಹಾಕಿ, ಆ ತಮ್ಮ ಏನನ್ನೋ ವಿವರಿಸುತ್ತಿದ್ದರು. ನಮ್ಮ ಅತ್ತೆ ಸರ ಸರಿಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

"ಮುಹೂರ್ತ ಮುಗೀಲಿ ಪುಟ್ಟಮ್ಮ. ಅವನನ್ನ ನಂಗೆ ಬುಡು."